ನಿಮ್ಮ ಅಂಗಡಿ ತೂಕದ ಯಂತ್ರ ಸರಿ ಇದೆಯಾ? ಕ್ಯಾಲಿಬ್ರೇಷನ್ ಅಂದ್ರೇನು, ಸೀಲ್ ಯಾಕೆ ಬೇಕು: ಇಲ್ಲಿದೆ ಪೂರ್ತಿ ವಿವರ

ದಿನಸಿ ಅಂಗಡಿ, ತರಕಾರಿ ಗಾಡಿ, ಕೋಳಿ ಅಂಗಡಿ, ನ್ಯಾಯಬೆಲೆ ಅಂಗಡಿ, ಚಿನ್ನದಂಗಡಿ, ಅಡಿಕೆ ಮಂಡಿ. ಎಲ್ಲಿ ಹೋದರೂ ಈಗ ಎಲೆಕ್ಟ್ರಾನಿಕ್ ತೂಕದ ಯಂತ್ರವೇ. ಸಾಮಾನು ಇಟ್ಟ ಕೂಡಲೇ ಅಂಕಿ ಮೂಡುತ್ತದೆ, ವ್ಯಾಪಾರ ಮುಗಿಯುತ್ತದೆ. ಹಳೇ ತಕ್ಕಡಿ ಕಾಲದಲ್ಲಿ ಮುಳ್ಳು ಯಾವ ಕಡೆ ವಾಲಿದೆ ಅಂತ ನೋಡುತ್ತಿದ್ದ ಗಿರಾಕಿ ಈಗ ಅಂಕಿ ನೋಡಿ ಸುಮ್ಮನಾಗುತ್ತಾನೆ. ಮಿಷನ್ ಸುಳ್ಳು ಹೇಳಲ್ಲ ಅನ್ನೋ ನಂಬಿಕೆ.

ಆದರೆ ಮಿಷನ್ ಕೂಡ ತಪ್ಪು ತೋರಿಸುತ್ತದೆ. ಯಾರೂ ಮೋಸ ಮಾಡದೆಯೇ, ತಾನೇ ತಾನಾಗಿ. ಈ ತಪ್ಪು ಗಿರಾಕಿಗೆ ಮಾತ್ರ ನಷ್ಟ ಅಂದುಕೊಳ್ಳಬೇಡಿ. ಒಂದು ಲೆಕ್ಕ ಹಾಕಿ ನೋಡಿ: ದಿನಕ್ಕೆ 200 ಸಲ ತೂಗುವ ಅಂಗಡಿ. ಯಂತ್ರ ಪ್ರತಿ ಸಲ ನಿಜಕ್ಕಿಂತ 5 ಗ್ರಾಂ ಕಡಿಮೆ ತೋರಿಸುತ್ತಿದೆ. ಅಂದ್ರೆ ಅಂಗಡಿಯವರು ಪ್ರತಿ ಸಲ 5 ಗ್ರಾಂ ಜಾಸ್ತಿ ಹಾಕಿ ಕೊಡುತ್ತಿದ್ದಾರೆ. ದಿನಕ್ಕೆ 1 ಕೆ.ಜಿ., ತಿಂಗಳಿಗೆ 30 ಕೆ.ಜಿ. ಸಾಮಾನು ಪುಕ್ಕಟೆ ಹೋಯಿತು. ಅದೇ ಯಂತ್ರ 5 ಗ್ರಾಂ ಹೆಚ್ಚು ತೋರಿಸಿದರೆ ಅಷ್ಟೇ ನಷ್ಟ ಗಿರಾಕಿಗಳ ಪಾಲಿಗೆ, ಜೊತೆಗೆ ಅಂಗಡಿಯವರ ತಲೆ ಮೇಲೆ ಕೇಸಿನ ಭಯ.

ಈ ತಪ್ಪು ಎಲ್ಲಿಂದ ಬರುತ್ತದೆ, ಅದನ್ನು ಹೇಗೆ ಸರಿಪಡಿಸುತ್ತಾರೆ, ಕಾನೂನು ಏನು ಹೇಳುತ್ತದೆ ಅಂತ ತಿಳಿದುಕೊಂಡರೆ ಇಬ್ಬರಿಗೂ ಒಳ್ಳೆಯದು.

ಯಂತ್ರದೊಳಗೆ ಏನಿದೆ?

ತಟ್ಟೆಯ ಕೆಳಗೆ ಒಂದು ಲೋಹದ ತುಂಡು ಇರುತ್ತದೆ. ಅದರ ಹೆಸರು ಲೋಡ್ ಸೆಲ್. ಅಂಗಡಿಯ ಯಂತ್ರಗಳಲ್ಲಿ ಇದು ಸಾಮಾನ್ಯವಾಗಿ ಅಲ್ಯೂಮಿನಿಯಂನದು. ಮೇಲೆ ಭಾರ ಬಿದ್ದಾಗ ಈ ತುಂಡು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದರ ಮೈಗೆ ಅಂಟಿಸಿದ ತೆಳುವಾದ ಪಟ್ಟಿಗಳು, ಅಂದ್ರೆ ಸ್ಟ್ರೇನ್ ಗೇಜ್‌ಗಳು, ಹಿಗ್ಗಿ ಕುಗ್ಗುತ್ತವೆ. ಆಗ ಅವುಗಳ ವಿದ್ಯುತ್ ನಿರೋಧ ಬದಲಾಗುತ್ತದೆ. ಈ ಬದಲಾವಣೆಯನ್ನೇ ಒಳಗಿನ ಚಿಪ್ ಅಂಕಿಯಾಗಿ ಮಾರ್ಪಡಿಸುತ್ತದೆ.

ಎಷ್ಟು ಸಣ್ಣ ಬದಲಾವಣೆ ಅಂದ್ರೆ, 5 ವೋಲ್ಟ್ ಕೊಟ್ಟ ಸಾಮಾನ್ಯ ಲೋಡ್ ಸೆಲ್ ಪೂರ್ತಿ ಭಾರ ಬಿದ್ದಾಗ ವಾಪಸ್ ಕೊಡುವ ಸಿಗ್ನಲ್ ಸುಮಾರು 10 ಮಿಲಿವೋಲ್ಟ್ ಮಾತ್ರ. 30 ಕೆ.ಜಿ. ಯಂತ್ರದಲ್ಲಿ 5 ಗ್ರಾಂ ವ್ಯತ್ಯಾಸ ಗುರುತಿಸಬೇಕು ಅಂದ್ರೆ ಈ 10 ಮಿಲಿವೋಲ್ಟನ್ನು 6000 ಭಾಗ ಮಾಡಿ, ಅದರಲ್ಲಿ ಒಂದು ಭಾಗ ಹಿಡಿಯಬೇಕು. ಇಷ್ಟು ಸೂಕ್ಷ್ಮ ಕೆಲಸದಲ್ಲಿ ಸ್ವಲ್ಪ ಬಿಸಿ, ಸ್ವಲ್ಪ ತೇವ, ತಟ್ಟೆ ಕೆಳಗೆ ಸಿಕ್ಕಿಕೊಂಡ ನಾಲ್ಕು ಕಾಳು ಅಕ್ಕಿ ಕೂಡ ಲೆಕ್ಕಕ್ಕೆ ಬರುತ್ತದೆ.

ಹಾಗಾದ್ರೆ ಕ್ಯಾಲಿಬ್ರೇಷನ್ ಅಂದ್ರೆ?

ಲೋಡ್ ಸೆಲ್‌ಗೆ ಕಿಲೋ, ಗ್ರಾಂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಿಗ್ನಲ್ ಮಾತ್ರ. ಎಷ್ಟು ಸಿಗ್ನಲ್ ಬಂದರೆ ಎಷ್ಟು ತೂಕ ಅಂತ ಯಂತ್ರಕ್ಕೆ ಕಲಿಸಿಕೊಡಬೇಕು.

ಉದಾಹರಣೆ ನೋಡಿ. ತಟ್ಟೆ ಖಾಲಿ ಇದ್ದಾಗ ಒಳಗಿನ ಎಣಿಕೆ 20,000 ಅಂತಿಟ್ಟುಕೊಳ್ಳಿ. ಮುದ್ರೆ ಹಾಕಿದ, ನಿಖರವಾದ 10 ಕೆ.ಜಿ. ಬಟ್ಟು ಇಟ್ಟಾಗ ಎಣಿಕೆ 1,20,000 ಆಯಿತು. ಅಂದ್ರೆ 1,00,000 ಎಣಿಕೆಗೆ 10 ಕೆ.ಜಿ. ಈ ಎರಡು ಅಂಕಿಗಳನ್ನು ಯಂತ್ರ ನೆನಪಿಟ್ಟುಕೊಳ್ಳುತ್ತದೆ. ನಾಳೆ ಸಕ್ಕರೆ ಇಟ್ಟಾಗ ಎಣಿಕೆ 70,000 ಬಂದರೆ, ಖಾಲಿಯದ್ದು 20,000 ಕಳೆದು, ಉಳಿದ 50,000ಕ್ಕೆ 5 ಕೆ.ಜಿ. ಅಂತ ತೋರಿಸುತ್ತದೆ. ಇಷ್ಟೇ ಅದರ ಲೆಕ್ಕ.

ತೊಂದರೆ ಏನಂದ್ರೆ, ವರ್ಷ ಕಳೆದಂತೆ ಲೋಹ, ಅಂಟು, ಎಲೆಕ್ಟ್ರಾನಿಕ್ ಭಾಗಗಳು ಬದಲಾಗುತ್ತವೆ. ಅದೇ 10 ಕೆ.ಜಿ.ಗೆ ಈಗ ಬೇರೆ ಎಣಿಕೆ ಬರುತ್ತದೆ. ಯಂತ್ರ ಮಾತ್ರ ಹಳೇ ಪಾಠವನ್ನೇ ನಂಬಿಕೊಂಡು ಕೂತಿರುತ್ತದೆ. ಹಾಗಾಗಿ ಆಗಾಗ ನಿಖರ ಬಟ್ಟು ಇಟ್ಟು, ತಪ್ಪು ಎಷ್ಟಿದೆ ಅಂತ ಅಳೆಯಬೇಕು, ಇದ್ದರೆ ಹೊಸ ಪಾಠ ಕಲಿಸಬೇಕು. ತಪ್ಪನ್ನು ಅಳೆಯುವ ಕೆಲಸವೇ ಕ್ಯಾಲಿಬ್ರೇಷನ್. ತಪ್ಪನ್ನು ತೆಗೆಯುವುದು ಹೊಂದಾಣಿಕೆ. ನಮ್ಮ ಕಡೆ ಎರಡಕ್ಕೂ ಕ್ಯಾಲಿಬ್ರೇಷನ್ ಅಂತಲೇ ಹೇಳುವುದು ರೂಢಿ.

ತಪ್ಪುಗಳು ಎಷ್ಟು ಥರ?

ಎಲ್ಲ ತಪ್ಪೂ ಒಂದೇ ಥರ ಇರುವುದಿಲ್ಲ. ಯಾವ ಥರದ್ದು ಅಂತ ಗೊತ್ತಾದರೆ ಮಾತ್ರ ಸರಿಪಡಿಸಬಹುದು.

1. ಸೊನ್ನೆ ತಪ್ಪು: ತಟ್ಟೆ ಖಾಲಿ ಇದ್ದರೂ 10 ಗ್ರಾಂ ತೋರಿಸುತ್ತದೆ. 1 ಕೆ.ಜಿ. ಇಟ್ಟರೂ 10 ಗ್ರಾಂ ಜಾಸ್ತಿ, 20 ಕೆ.ಜಿ. ಇಟ್ಟರೂ ಅದೇ 10 ಗ್ರಾಂ ಜಾಸ್ತಿ. ಸುಲಭವಾಗಿ ಕಣ್ಣಿಗೆ ಬೀಳುವ ತಪ್ಪು ಇದು. ಝೀರೋ ಬಟನ್ ಒತ್ತಿದರೆ ಹೋಗುತ್ತದೆ.

2. ಪ್ರಮಾಣದ ತಪ್ಪು: ಖಾಲಿ ಇದ್ದಾಗ ಸರಿಯಾಗಿ ಸೊನ್ನೆ. ಆದರೆ 10 ಕೆ.ಜಿ.ಗೆ 20 ಗ್ರಾಂ ಹೆಚ್ಚು, 20 ಕೆ.ಜಿ.ಗೆ 40 ಗ್ರಾಂ ಹೆಚ್ಚು. ಭಾರ ಏರಿದಂತೆ ತಪ್ಪೂ ಏರುತ್ತದೆ. ಖಾಲಿ ತಟ್ಟೆ ನೋಡಿ ಇದನ್ನು ಹಿಡಿಯಲು ಸಾಧ್ಯವೇ ಇಲ್ಲ.

3. ಮೂಲೆ ತಪ್ಪು: ಸಾಮಾನು ನಡುವೆ ಇಟ್ಟರೆ ಒಂದು ತೂಕ, ತಟ್ಟೆಯ ಮೂಲೆಗೆ ಇಟ್ಟರೆ ಇನ್ನೊಂದು. ಯಂತ್ರ ಬಿದ್ದಿದ್ದರೆ, ತಟ್ಟೆಯ ಆಧಾರ ಸಡಿಲವಾಗಿದ್ದರೆ ಹೀಗಾಗುತ್ತದೆ.

4. ಬಿಸಿಯ ತಪ್ಪು: ಬಿಸಿ ಏರಿದಾಗ ಲೋಹ ಸ್ವಲ್ಪ ಮೆದುವಾಗಿ ಹೆಚ್ಚು ಬಾಗುತ್ತದೆ. ಇದನ್ನು ಸರಿದೂಗಿಸಲು ಲೋಡ್ ಸೆಲ್ ಒಳಗೇ ವಿಶೇಷ ನಿರೋಧಕಗಳನ್ನು ಹಾಕಿರುತ್ತಾರೆ. ಆದರೆ ಅದಕ್ಕೂ ಮಿತಿ ಇದೆ. ಬೇರೆ ಏನೂ ನಮೂದಿಸದಿದ್ದರೆ ಅಂಗಡಿ ದರ್ಜೆಯ ಯಂತ್ರಗಳು ಮೈನಸ್ 10ರಿಂದ 40 ಡಿಗ್ರಿ ಸೆಲ್ಸಿಯಸ್‌ವರೆಗೆ ಸರಿಯಾಗಿ ಕೆಲಸ ಮಾಡಬೇಕು ಅಂತ ಅಂತಾರಾಷ್ಟ್ರೀಯ ಮಾನದಂಡ ಹೇಳುತ್ತದೆ. ಕಲಬುರಗಿ, ರಾಯಚೂರು ಕಡೆ ಬೇಸಿಗೆ 40 ದಾಟುವುದು ಹೊಸತಲ್ಲ. ಬಿಸಿಲಿಗೆ ಇಟ್ಟ ಯಂತ್ರದ ಮೈ ಇನ್ನೂ ಬಿಸಿ ಇರುತ್ತದೆ.

5. ಗೊತ್ತು ಗುರಿ ಇಲ್ಲದ ತಪ್ಪು: ಅದೇ ಸಾಮಾನು ಐದು ಸಲ ಇಟ್ಟರೆ ಒಮ್ಮೆ 5 ಗ್ರಾಂ ಹೆಚ್ಚು, ಒಮ್ಮೆ 5 ಗ್ರಾಂ ಕಡಿಮೆ. ಫ್ಯಾನ್ ಗಾಳಿ, ಅಲುಗಾಡುವ ಮೇಜು, ಕರೆಂಟಿನ ಏರಿಳಿತ ಇದಕ್ಕೆ ಕಾರಣ ಇರಬಹುದು.

ಮೊದಲ ಎರಡು ಥರದ ತಪ್ಪುಗಳಿಗೆ ಒಂದು ಕ್ರಮ ಇದೆ. ಕ್ರಮ ಇದ್ದರೆ ಲೆಕ್ಕ ಹಾಕಿ ಕಳೆಯಬಹುದು. ಖಾಲಿ ಇದ್ದಾಗ 10 ಗ್ರಾಂ, ನಿಜವಾದ 10 ಕೆ.ಜಿ. ಬಟ್ಟಿಗೆ 10.030 ತೋರಿಸುವ ಯಂತ್ರ ಅಂತಿಟ್ಟುಕೊಳ್ಳಿ. ಸೊನ್ನೆ ತಪ್ಪು 10 ಗ್ರಾಂ ಕಳೆದರೆ 10.020. ಅಂದ್ರೆ ಪ್ರತಿ 10 ಕೆ.ಜಿ.ಗೆ 20 ಗ್ರಾಂ ಪ್ರಮಾಣದ ತಪ್ಪು. ಈಗ ಬೇಳೆ ಇಟ್ಟಾಗ 5.020 ಬಂತು. ಸೊನ್ನೆ ತಪ್ಪು 10 ಗ್ರಾಂ ಕಳೆಯಿರಿ, 5 ಕೆ.ಜಿ.ಗೆ ಬರುವ ಪ್ರಮಾಣದ ತಪ್ಪು 10 ಗ್ರಾಂ ಕಳೆಯಿರಿ. ನಿಜವಾದ ತೂಕ 5 ಕೆ.ಜಿ. ಈ ಲೆಕ್ಕವನ್ನು ಯಂತ್ರದೊಳಗೇ ಕೂರಿಸುವುದೇ ಟೆಕ್ನಿಷಿಯನ್ ಮಾಡುವ ಹೊಂದಾಣಿಕೆ.

ಐದನೇ ಥರದ್ದಕ್ಕೆ ಈ ಮದ್ದು ನಾಟುವುದಿಲ್ಲ. ಯಂತ್ರವನ್ನು ಗಟ್ಟಿ ಜಾಗದಲ್ಲಿ ಇಡುವುದು, ಗಾಳಿ ತಪ್ಪಿಸುವುದು, ಹಾಳಾದ ಭಾಗ ಬದಲಿಸುವುದೇ ದಾರಿ.

ಊರು ಬದಲಾದರೆ ತೂಕವೂ ಬದಲು!

ಇದು ಅನೇಕ ಅಂಗಡಿಯವರಿಗೆ ಗೊತ್ತಿಲ್ಲದ ವಿಷಯ. ಹಳೇ ತಕ್ಕಡಿ ಒಂದು ಕಡೆ ಬಟ್ಟು, ಇನ್ನೊಂದು ಕಡೆ ಸಾಮಾನು ಇಟ್ಟು ಹೋಲಿಸುತ್ತಿತ್ತು. ಭೂಮಿಯ ಸೆಳೆತ ಎರಡೂ ಕಡೆ ಒಂದೇ. ಹಾಗಾಗಿ ಯಾವ ಊರಿಗೆ ಒಯ್ದರೂ ವ್ಯತ್ಯಾಸ ಇಲ್ಲ. ಎಲೆಕ್ಟ್ರಾನಿಕ್ ಯಂತ್ರ ಹಾಗಲ್ಲ. ಸಾಮಾನು ಎಷ್ಟು ಬಲವಾಗಿ ಕೆಳಗೆ ಒತ್ತುತ್ತಿದೆ ಅನ್ನುವುದನ್ನು ಅದು ಅಳೆಯುತ್ತದೆ. ಆ ಬಲ ಭೂಮಿಯ ಗುರುತ್ವಾಕರ್ಷಣೆಯ ಮೇಲೆ ನಿಂತಿದೆ. ಗುರುತ್ವಾಕರ್ಷಣೆ ಎಲ್ಲ ಕಡೆ ಒಂದೇ ಸಮ ಇಲ್ಲ. ಸಮಭಾಜಕದ ಹತ್ತಿರ ಕಡಿಮೆ, ಧ್ರುವಗಳ ಕಡೆ ಹೆಚ್ಚು. ಎತ್ತರದ ಜಾಗದಲ್ಲಿ ಇನ್ನೂ ಸ್ವಲ್ಪ ಕಡಿಮೆ.

ದೆಹಲಿಗೂ ಬೆಂಗಳೂರಿಗೂ ಇರುವ ವ್ಯತ್ಯಾಸ ಸುಮಾರು ಶೇ 0.11. ದೆಹಲಿಯಲ್ಲಿ ಹೊಂದಿಸಿದ ಯಂತ್ರವನ್ನು ಬೆಂಗಳೂರಿಗೆ ತಂದು ಹಾಗೇ ಬಳಸಿದರೆ, 10 ಕೆ.ಜಿ. ಸಾಮಾನಿಗೆ ಸುಮಾರು 11 ಗ್ರಾಂ ಕಡಿಮೆ ತೋರಿಸುತ್ತದೆ. ಯಂತ್ರ ಹೊಸದೇ, ಕಂಪನಿಯೂ ಒಳ್ಳೆಯದೇ, ಆದರೂ ತಪ್ಪು. ಕರಾವಳಿಯ ಮಂಗಳೂರಿಗೂ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೂ ನಡುವೆ ಕೂಡ 10 ಕೆ.ಜಿ.ಗೆ ಎರಡು–ಮೂರು ಗ್ರಾಂ ವ್ಯತ್ಯಾಸ ಬರಬಹುದು. ಅದಕ್ಕೇ ಯಂತ್ರವನ್ನು ಬಳಸುವ ಊರಿನಲ್ಲೇ ಪರೀಕ್ಷೆ ಮಾಡಿಸಬೇಕು. ಆನ್‌ಲೈನ್‌ನಲ್ಲಿ ತರಿಸಿ ಡಬ್ಬದಿಂದ ತೆಗೆದು ನೇರವಾಗಿ ವ್ಯಾಪಾರಕ್ಕೆ ಇಟ್ಟುಕೊಳ್ಳುವುದು ಸರಿಯಲ್ಲ.

ಎಷ್ಟು ತಪ್ಪು ಇದ್ದರೆ ಪರವಾಗಿಲ್ಲ?

ಒಂದಿಷ್ಟೂ ತಪ್ಪಿಲ್ಲದ ಯಂತ್ರ ಜಗತ್ತಿನಲ್ಲೇ ಇಲ್ಲ. ಹಾಗಾಗಿ ಕಾನೂನು ಒಂದು ಮಿತಿ ಹಾಕಿದೆ. ತೂಕದ ಯಂತ್ರಗಳಲ್ಲಿ ನಿಖರತೆಗೆ ತಕ್ಕಂತೆ ನಾಲ್ಕು ದರ್ಜೆಗಳಿವೆ. ದಿನಸಿ, ತರಕಾರಿ ಅಂಗಡಿಗಳಲ್ಲಿ ಇರುವುದು ಸಾಮಾನ್ಯವಾಗಿ ಮೂರನೇ ದರ್ಜೆ. ಚಿನ್ನ ತೂಗಲು ಎರಡನೇ ದರ್ಜೆ ಅಥವಾ ಅದಕ್ಕಿಂತ ಮೇಲಿನದ್ದು ಬೇಕು.

ಯಂತ್ರದ ಮೈಮೇಲಿನ ಫಲಕದಲ್ಲಿ ಗರಿಷ್ಠ ಭಾರ, ಕನಿಷ್ಠ ಭಾರ, ಮತ್ತು ಇಂಗ್ಲಿಷಿನ ಸಣ್ಣ 'ಇ' ಅಕ್ಷರದ ಮುಂದೆ ಒಂದು ಅಂಕಿ ಇರುತ್ತದೆ. ಆ 'ಇ' ಅಂದ್ರೆ ಪರೀಕ್ಷೆಗೆ ಲೆಕ್ಕ ಹಿಡಿಯುವ ಹೆಜ್ಜೆ. ಮೂರನೇ ದರ್ಜೆಯ, 30 ಕೆ.ಜಿ. ಸಾಮರ್ಥ್ಯದ, 5 ಗ್ರಾಂ ಹೆಜ್ಜೆಯ ಯಂತ್ರಕ್ಕೆ ಸೀಲ್ ಹಾಕುವಾಗ ಒಪ್ಪುವ ತಪ್ಪು ಹೀಗಿದೆ:

- 2.5 ಕೆ.ಜಿ.ವರೆಗೆ: ಹೆಚ್ಚೆಂದರೆ 2.5 ಗ್ರಾಂ ಆಚೀಚೆ
- 2.5ರಿಂದ 10 ಕೆ.ಜಿ.ವರೆಗೆ: 5 ಗ್ರಾಂ ಆಚೀಚೆ
- 10ರಿಂದ 30 ಕೆ.ಜಿ.ವರೆಗೆ: 7.5 ಗ್ರಾಂ ಆಚೀಚೆ

ಬಳಕೆಯಲ್ಲಿರುವ ಯಂತ್ರವನ್ನು ಅಂಗಡಿಗೆ ಬಂದು ತಪಾಸಣೆ ಮಾಡುವಾಗ ಈ ಮಿತಿ ಎರಡರಷ್ಟು. ಅಂದ್ರೆ 10 ಕೆ.ಜಿ.ಗೆ 10 ಗ್ರಾಂ. ದೆಹಲಿಯಿಂದ ಬಂದ ಆ ಹೊಸ ಯಂತ್ರದ 11 ಗ್ರಾಂ ತಪ್ಪು ಈ ಮಿತಿಯನ್ನೂ ದಾಟುತ್ತದೆ ಅನ್ನುವುದನ್ನು ಗಮನಿಸಿ.

ಇನ್ನೊಂದು ಮಾತು. ಡಿಸ್‌ಪ್ಲೇಯಲ್ಲಿ ಅಂಕಿ ಜಾಸ್ತಿ ಇದ್ದ ಮಾತ್ರಕ್ಕೆ ಯಂತ್ರ ನಿಖರ ಅಂತಲ್ಲ. ಪ್ರಮಾಣದ ತಪ್ಪಿರುವ ಯಂತ್ರ 1 ಗ್ರಾಂವರೆಗೆ ತೋರಿಸಿದರೂ ತಪ್ಪನ್ನೇ ತೋರಿಸುತ್ತದೆ.

ಬಟ್ಟು ಸರಿ ಅಂತ ಹೇಳೋರು ಯಾರು?

ಯಂತ್ರ ಸರಿಯಾ ಅಂತ ನೋಡಲು ಬಟ್ಟು ಬೇಕು. ಬಟ್ಟು ಸರಿಯಾ? ಅದನ್ನು ಅದಕ್ಕಿಂತ ನಿಖರವಾದ ಇನ್ನೊಂದರ ಜೊತೆ ಹೋಲಿಸಿರುತ್ತಾರೆ. ಇನ್‌ಸ್ಪೆಕ್ಟರ್ ಹತ್ತಿರ ಇರುವ ಕಾರ್ಯಮಾನಕ ಬಟ್ಟುಗಳನ್ನು ರಾಜ್ಯದ ಪ್ರಯೋಗಾಲಯದ ದ್ವಿತೀಯ ಮಾನಕಗಳ ಜೊತೆ ಹೋಲಿಸುತ್ತಾರೆ. ಅವುಗಳನ್ನು ಕೇಂದ್ರ ಸರ್ಕಾರದ ಪ್ರಾದೇಶಿಕ ಪ್ರಯೋಗಾಲಯಗಳಲ್ಲಿ ಪರೀಕ್ಷಿಸುತ್ತಾರೆ. ಅಂಥ ಒಂದು ಪ್ರಯೋಗಾಲಯ ಬೆಂಗಳೂರಿನಲ್ಲೇ ಇದೆ. ಎಲ್ಲಕ್ಕೂ ಮೇಲೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಭಾರತದ ಕಿಲೋಗ್ರಾಂ ಮೂಲಮಾದರಿ, ಪ್ಲಾಟಿನಂ–ಇರಿಡಿಯಂನ 57ನೇ ಸಂಖ್ಯೆಯ ತುಂಡು, ಇರುವುದು ಅಲ್ಲೇ. 2019ರ ಮೇ 20ರಿಂದ ಜಗತ್ತಿನಲ್ಲಿ ಕಿಲೋಗ್ರಾಂಗೆ ಲೋಹದ ತುಂಡು ಆಧಾರವಲ್ಲ, ಪ್ಲಾಂಕ್ ಸ್ಥಿರಾಂಕ ಎಂಬ ಪ್ರಕೃತಿಯ ಅಳತೆಯೇ ಆಧಾರ.

ಹೀಗೆ ಸಂತೆಯಲ್ಲಿ ತೂಗುವ ಈರುಳ್ಳಿವರೆಗೂ ಒಂದು ಸರಪಳಿ ಇದೆ. ಅಂಗಡಿ ಯಂತ್ರದ ಸೀಲ್ ಈ ಸರಪಳಿಯ ಕೊನೆಯ ಕೊಂಡಿ.

ಕಾನೂನು ಏನು ಹೇಳುತ್ತೆ?

ಕಾನೂನು ಮಾಪನಶಾಸ್ತ್ರ ಅಧಿನಿಯಮ 2009ರದ್ದು, ಜಾರಿಗೆ ಬಂದಿದ್ದು 2011ರ ಏಪ್ರಿಲ್ 1ರಿಂದ. ಕಾನೂನು ಮಾಪನಶಾಸ್ತ್ರ ಇಲಾಖೆ ಅಂದ್ರೆ ಜನ ಈಗಲೂ 'ತೂಕ ಮತ್ತು ಅಳತೆ ಇಲಾಖೆ' ಅಂತ ಕರೆಯುವುದೇ. ಅಂಗಡಿಯವರು ನೆನಪಿಡಬೇಕಾದ್ದು ಇಷ್ಟು:

- ವ್ಯಾಪಾರಕ್ಕೆ ಬಳಸುವ ಎಲೆಕ್ಟ್ರಾನಿಕ್ ತೂಕದ ಯಂತ್ರಕ್ಕೆ 12 ತಿಂಗಳಿಗೊಮ್ಮೆ ಮರು ಸತ್ಯಾಪನೆ ಮಾಡಿಸಬೇಕು.
- ತೂಕದ ಬಟ್ಟು, ಲೀಟರ್ ಅಳತೆ, ಮೀಟರ್ ಕೋಲು, ಕೈ ತಕ್ಕಡಿಗಳಿಗೆ 24 ತಿಂಗಳಿಗೊಮ್ಮೆ.
- ಸತ್ಯಾಪನೆ ಪ್ರಮಾಣಪತ್ರವನ್ನು ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು.
- ಮುದ್ರೆಯಲ್ಲಿ ವರ್ಷದ ಜೊತೆ ಎ, ಬಿ, ಸಿ, ಡಿ ಪೈಕಿ ಒಂದು ಅಕ್ಷರ ಇರುತ್ತದೆ. ಎ ಅಂದ್ರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಹೀಗೆ ಮೂರು ಮೂರು ತಿಂಗಳ ಗುರುತು.
- ರಿಪೇರಿಯನ್ನು ಲೈಸೆನ್ಸ್ ಇರುವವರ ಹತ್ತಿರವೇ ಮಾಡಿಸಬೇಕು. ಸೀಲ್ ಒಡೆದು ರಿಪೇರಿ ಮಾಡಿದ ಮೇಲೆ ವರ್ಷ ಮುಗಿಯದಿದ್ದರೂ ಮತ್ತೆ ಸತ್ಯಾಪನೆ ಕಡ್ಡಾಯ.

ಸೀಲ್ ಯಾಕೆ ಇಷ್ಟು ಮುಖ್ಯ? ಹೊಂದಾಣಿಕೆ ಬದಲಿಸಿದರೆ 10 ಕೆ.ಜಿ. ಬಟ್ಟನ್ನು 10.200 ಅಂತ ಕಲಿಸಿಬಿಡಬಹುದು. ಆಮೇಲೆ ಯಂತ್ರ ನಿಷ್ಠೆಯಿಂದ ಆ ತಪ್ಪನ್ನೇ ಹೇಳುತ್ತಾ ಹೋಗುತ್ತದೆ. ತಪ್ಪು ತೆಗೆಯುವ ದಾರಿಯಲ್ಲೇ ತಪ್ಪು ತುಂಬಲೂ ಬರುತ್ತದೆ. ಆ ದಾರಿ ಮುಚ್ಚುವುದಕ್ಕೇ ತಂತಿ, ಸೀಸದ ಮುದ್ರೆ. ಸೀಲ್ ಹರಿದಿದ್ದರೆ ಪ್ರಾಮಾಣಿಕ ಅಂಗಡಿಯವರಿಗೂ ತಮ್ಮ ಯಂತ್ರ ಸರಿ ಅಂತ ಸಾಬೀತು ಮಾಡುವ ಆಧಾರ ಇರುವುದಿಲ್ಲ.

ಅಂಗಡಿಯವರು ತಾವೇ ಏನು ನೋಡಬಹುದು?

ಹೊಂದಾಣಿಕೆಗೆ ಕೈ ಹಾಕಬಾರದು. ಆದರೆ ನೋಡಲು ಯಾರ ಅಪ್ಪಣೆಯೂ ಬೇಡ. ಬೆಳಿಗ್ಗೆ ಐದು ನಿಮಿಷ ಸಾಕು:

- ಯಂತ್ರ ಆನ್ ಮಾಡಿ ಸ್ವಲ್ಪ ಹೊತ್ತು ಬಿಡಿ. ತಟ್ಟೆ ಎತ್ತಿ ಕೆಳಗಿನ ಕಸ, ಕಾಳು ತೆಗೆಯಿರಿ. ಮಟ್ಟದ ಗುಳ್ಳೆ ಇದ್ದರೆ ನಡುವೆ ಇದೆಯಾ ನೋಡಿ.
- ಒಂದೇ ವಸ್ತುವನ್ನು ಐದು ಸಲ ಇಟ್ಟು ತೆಗೆಯಿರಿ. ಪ್ರತಿ ಸಲ ಒಂದೇ ತೂಕ ಬರಬೇಕು, ತೆಗೆದಾಗ ಸೊನ್ನೆಗೆ ಮರಳಬೇಕು.
- ಸುಮಾರು 10 ಕೆ.ಜಿ. ಭಾರವನ್ನು ನಡುವೆ, ಆಮೇಲೆ ನಾಲ್ಕು ಮೂಲೆಗೂ ಇಟ್ಟು ನೋಡಿ. 30 ಕೆ.ಜಿ. ಯಂತ್ರದ ಮೂಲೆ ಪರೀಕ್ಷೆಗೆ ಗರಿಷ್ಠದ ಮೂರನೇ ಒಂದು ಭಾಗ ಬಳಸುವುದು ಪದ್ಧತಿ.
- ಎರಡು ವಸ್ತುಗಳನ್ನು ಬೇರೆ ಬೇರೆ ತೂಗಿ ಕೂಡಿಸಿ, ಆಮೇಲೆ ಒಟ್ಟಿಗೆ ತೂಗಿ. ಎರಡೂ ಹೆಚ್ಚು ಕಡಿಮೆ ಒಂದೇ ಆಗಬೇಕು.

ಆದರೆ ಒಂದು ಎಚ್ಚರಿಕೆ. ಇಷ್ಟೂ ಪರೀಕ್ಷೆಯಲ್ಲಿ ಪಾಸಾದ ಯಂತ್ರದಲ್ಲೂ ಪ್ರಮಾಣದ ತಪ್ಪು ಅಡಗಿರಬಹುದು. ಪ್ರತಿ ಕಿಲೋಗೂ 2 ಗ್ರಾಂ ಹೆಚ್ಚು ತೋರಿಸುವ ಯಂತ್ರ ಐದು ಸಲವೂ ಅದನ್ನೇ ಹೇಳುತ್ತದೆ, ಮೂಲೆಯಲ್ಲೂ ಅದನ್ನೇ ಹೇಳುತ್ತದೆ, ಕೂಡಿಸಿದರೂ ಲೆಕ್ಕ ಸರಿ ಬರುತ್ತದೆ. ಅದನ್ನು ಹಿಡಿಯಲು ಹೊರಗಿನ ನಿಖರ ಬಟ್ಟು ಬೇಕೇ ಬೇಕು. ಹಾಗಾಗಿ ಮುದ್ರೆ ಇರುವ 5 ಕೆ.ಜಿ. ಅಥವಾ 10 ಕೆ.ಜಿ. ಬಟ್ಟು ಒಂದನ್ನು ಅಂಗಡಿಯಲ್ಲಿ ಇಟ್ಟುಕೊಂಡು ವಾರಕ್ಕೊಮ್ಮೆ ಹೋಲಿಸಿ, ತೋರಿಸಿದ ಅಂಕಿಯನ್ನು ದಿನಾಂಕದ ಜೊತೆ ಪುಸ್ತಕದಲ್ಲಿ ಬರೆಯಿರಿ. ಅಂಕಿ ನಿಧಾನಕ್ಕೆ ಒಂದೇ ಕಡೆ ಸರಿಯುತ್ತಿದ್ದರೆ, ಮಿತಿ ದಾಟುವ ಮೊದಲೇ ರಿಪೇರಿಯವರನ್ನು ಕರೆಸಬಹುದು.

ಕೆಲವರು 1 ಕೆ.ಜಿ. ಸಕ್ಕರೆ ಪ್ಯಾಕೆಟ್ ಇಟ್ಟು ನೋಡುತ್ತಾರೆ. ಅದು ಪರೀಕ್ಷೆಯಲ್ಲ. 1 ಕೆ.ಜಿ. ಪ್ಯಾಕೆಟ್‌ನಲ್ಲೇ 15 ಗ್ರಾಂವರೆಗೆ ವ್ಯತ್ಯಾಸಕ್ಕೆ ನಿಯಮ ಅವಕಾಶ ಕೊಟ್ಟಿದೆ, ಜೊತೆಗೆ ಕವರಿನ ತೂಕ ಬೇರೆ.

ಚಿನ್ನದಂಗಡಿಯವರಿಗೆ ಇನ್ನೂ ಹೆಚ್ಚು ಜಾಗ್ರತೆ ಬೇಕು. ಮಿಲಿಗ್ರಾಂ ಲೆಕ್ಕದಲ್ಲಿ ತೂಗುವಾಗ ಫ್ಯಾನ್, ಎ.ಸಿ. ಗಾಳಿ, ಬಾಗಿಲು ತೆರೆದಾಗ ಬರುವ ಗಾಳಿ ಎಲ್ಲವೂ ಅಂಕಿ ಅಲುಗಾಡಿಸುತ್ತವೆ. ಗಾಜಿನ ಮುಚ್ಚಳ ಹಾಕಿಯೇ ತೂಗಬೇಕು. ವೇಬ್ರಿಡ್ಜ್‌ಗಳಲ್ಲಿ ಸಮಸ್ಯೆ ಬೇರೆ ಥರ. ಅಲ್ಲಿ ವೇದಿಕೆಯ ಕೆಳಗೆ ಹಲವು ಲೋಡ್ ಸೆಲ್‌ಗಳಿರುತ್ತವೆ. ಮಳೆಗಾಲದ ಕೆಸರು, ಜಲ್ಲಿ ಅಂಚಿನಲ್ಲಿ ಸಿಕ್ಕಿಕೊಂಡರೆ ವೇದಿಕೆ ಪೂರ್ತಿ ಕೂರುವುದಿಲ್ಲ, ಲಾರಿಯ ತೂಕ ಕಡಿಮೆ ಬರುತ್ತದೆ. ಕಬ್ಬು, ಜೋಳ ತರುವ ರೈತರು ಲಾರಿ ಹತ್ತುವ ಮೊದಲು ಸೊನ್ನೆ ಇದೆಯಾ ಅಂತ ನೋಡುವುದು ಒಳ್ಳೆಯದು.

ಕಾರ್ಖಾನೆಗಳಲ್ಲೂ ಇದೇ ಸೂತ್ರ

ನಮ್ಮ ತಾಲೂಕಿನಂಥ ಕಡೆಗಳಿಂದ ಐಟಿಐ, ಡಿಪ್ಲೊಮಾ ಮುಗಿಸಿ ಪೀಣ್ಯದಂಥ ಕೈಗಾರಿಕಾ ಪ್ರದೇಶಕ್ಕೆ ಹೋಗುವ ಹುಡುಗರು ಅಲ್ಲಿ ಸಿಎಂಎಂ ಎಂಬ ಅಳತೆ ಯಂತ್ರ ನೋಡಿರುತ್ತಾರೆ. ಗೇರ್, ಎಂಜಿನ್ ಭಾಗಗಳನ್ನು ಮಿಲಿಮೀಟರಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಅಳೆಯುವ ಯಂತ್ರ ಅದು. ಮೂರು ದಿಕ್ಕಿಗೆ ಚಲಿಸುವ ಈ ಯಂತ್ರದ ಚೌಕಟ್ಟಿನಲ್ಲಿ ಒಟ್ಟು 21 ಥರದ ತಪ್ಪುಗಳನ್ನು ಗುರುತಿಸುತ್ತಾರೆ. ಲೇಸರ್ ಬಳಸಿ ಒಂದೊಂದನ್ನೂ ಅಳೆದು ಕಂಪ್ಯೂಟರ್‌ಗೆ ಕೊಡುತ್ತಾರೆ. ಆಮೇಲೆ ಪ್ರತಿ ಅಳತೆಯಲ್ಲೂ ಆ ಜಾಗದ ತಪ್ಪನ್ನು ಕಂಪ್ಯೂಟರೇ ಕಳೆಯುತ್ತದೆ. ಅಲ್ಲೂ ಬಿಸಿಯದ್ದೇ ಕಾಟ: 1 ಮೀಟರ್ ಉಕ್ಕು 1 ಡಿಗ್ರಿ ಬಿಸಿಗೆ ಮಿಲಿಮೀಟರಿನ ಸುಮಾರು ನೂರರ ಒಂದು ಭಾಗ ಹಿಗ್ಗುತ್ತದೆ. ಅದಕ್ಕೇ ಅಳತೆ ಕೋಣೆಯನ್ನು 20 ಡಿಗ್ರಿಯಲ್ಲಿ ಇಡುತ್ತಾರೆ. ತರಕಾರಿ ತೂಗುವ ಯಂತ್ರಕ್ಕೂ ಅದಕ್ಕೂ ಸೂತ್ರ ಒಂದೇ: ತಪ್ಪಿನ ಕ್ರಮ ಕಂಡುಹಿಡಿ, ಅದನ್ನು ಕಳೆ, ಮತ್ತೆ ಮತ್ತೆ ಪರೀಕ್ಷಿಸು.

ಗಿರಾಕಿಗಳು ಏನು ಗಮನಿಸಬೇಕು?

- ತೂಗುವ ಮೊದಲು ಡಿಸ್‌ಪ್ಲೇಯಲ್ಲಿ ಸೊನ್ನೆ ಇದೆಯಾ ನೋಡಿ. ಅಂಕಿ ನಿಮಗೂ ಕಾಣುವಂತಿರಬೇಕು.
- ಸಿಹಿತಿಂಡಿ ಡಬ್ಬ, ಪಾತ್ರೆ, ಬುಟ್ಟಿಯ ತೂಕ ಕಳೆದು ತೂಗಬೇಕು. ಡಬ್ಬದ ತೂಕಕ್ಕೆ ಸಿಹಿಯ ದುಡ್ಡು ಕೊಡಬೇಕಾಗಿಲ್ಲ.
- ಅಂಕಿ ನಿಲ್ಲುವವರೆಗೆ ಕಾಯಿರಿ.
- ಪ್ರಮಾಣಪತ್ರ ಗೋಡೆ ಮೇಲೆ ಇದೆಯಾ, ಅವಧಿ ಮುಗಿದಿಲ್ಲವಾ ನೋಡಿ.
- ಪೆಟ್ರೋಲ್ ಬಂಕ್‌ನಲ್ಲಿ ಅನುಮಾನ ಬಂದರೆ ಮುದ್ರೆ ಇರುವ 5 ಲೀಟರ್ ಅಳತೆಯಲ್ಲಿ ಹಿಡಿದು ತೋರಿಸಲು ಕೇಳಬಹುದು. 5 ಲೀಟರಿಗೆ 25 ಮಿಲಿಲೀಟರ್‌ವರೆಗೆ ವ್ಯತ್ಯಾಸ ಮಿತಿಯೊಳಗೆ.

ತೂಕದಲ್ಲಿ ಅನುಮಾನ ಇದ್ದರೆ ಮೊದಲು ಅಂಗಡಿಯವರನ್ನೇ ಕೇಳಿ, ಬಟ್ಟು ಇದ್ದರೆ ಇಟ್ಟು ತೋರಿಸಲು ಹೇಳಿ. ಎಷ್ಟೋ ಸಲ ತಪ್ಪು ಅವರಿಗೂ ಗೊತ್ತಿರುವುದಿಲ್ಲ. ಬಗೆಹರಿಯದಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಇನ್‌ಸ್ಪೆಕ್ಟರ್‌ಗೆ ದೂರು ಕೊಡಬಹುದು, ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಅಂಗಡಿಯವರು ಇವತ್ತೇ ಯಂತ್ರದ ಮುದ್ರೆಯಲ್ಲಿರುವ ವರ್ಷ ಮತ್ತು ಅಕ್ಷರ ನೋಡಿಕೊಳ್ಳಿ. ಅವಧಿ ಮುಗಿಯಲು ತಿಂಗಳು ಇರುವಾಗಲೇ ಸತ್ಯಾಪನೆಗೆ ಅರ್ಜಿ ಹಾಕಿದರೆ ಕೊನೆ ಗಳಿಗೆಯ ಓಡಾಟ ತಪ್ಪುತ್ತದೆ.